‘ಯೂ’ ಎಂದರೆ ನೀನೋ, ನೀವೋ?



ಎಂ.ಕೆ. ಹುಬ್ಬಳ್ಳಿಯ ನಮ್ಮ ಮಕ್ಕಳು ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಮಾತನಾಡುತ್ತ ಶಾಲೆಗೆ ಬಂದು ಇಂಗ್ಲಿಷ್ ಕಲಿಯುತ್ತಾರೆ. ಉರ್ದುವಿನಲ್ಲಿ ‘ತೂ, ತುಮ್, ಆಪ್’ ಎಂದು ಮೂರು ಮೆಟ್ಟಿಲು. ಕನ್ನಡದಲ್ಲಿ ‘ನೀನು, ನೀವು’, ಇನ್ನೂ ಹೆಚ್ಚಿನ ಗೌರವಕ್ಕೆ ‘ತಾವು’. ಇಂಗ್ಲಿಷಿನಲ್ಲಿ ಮಾತ್ರ ಎಲ್ಲರಿಗೂ ‘ಯೂ’. ಗುರುಗಳಿಗೆ ‘ಯೂ’ ಎನ್ನಲು ಅಂಜಿ, ಪ್ರಶ್ನೆಯನ್ನೇ ಕೇಳದೆ ಕುಳಿತುಬಿಡುವ ಮಕ್ಕಳನ್ನು ಕಂಡಿದ್ದೇನೆ. ಈ ಅಂಜಿಕೆ ಅನಾವಶ್ಯಕ ಎಂಬುದನ್ನು ಆ ಸರ್ವನಾಮದ ಇತಿಹಾಸವೇ ತೋರಿಸುತ್ತದೆ.

ಹಿಂದೆ ಇಂಗ್ಲಿಷಿನಲ್ಲೂ ‘ನೀನು’ ಇತ್ತು. ಅದೇ ‘ದೌ’. ಹಲವರಿಗೆ ‘ಯೀ’, ‘ನಿಮ್ಮನ್ನು’ ಎಂಬ ಅರ್ಥಕ್ಕೆ ‘ಯೂ’. 13ನೆಯ ಶತಮಾನದಿಂದ ಫ್ರೆಂಚರ ರೂಢಿಯನ್ನು ನೋಡಿ ಒಬ್ಬನೇ ದೊಡ್ಡ ವ್ಯಕ್ತಿಗೂ ಬಹುವಚನ ಬಳಸತೊಡಗಿದರು. ಆಗ ‘ದೌ’ ಸಲಿಗೆಯ ಮಾತಾಯಿತು, ಕೆಲವೊಮ್ಮೆ ಬೈಗುಳವೂ ಆಯಿತು. 1603ರಲ್ಲಿ ಸರ್ ವಾಲ್ಟರ್ ರಾಲಿಯ ವಿಚಾರಣೆ ನಡೆದಾಗ ರಾಜನ ಪರ ವಾದಿಸಿದ ಎಡ್ವರ್ಡ್ ಕೋಕ್ ಬೇಕೆಂದೇ ‘ದೌ’ ಎಂದು ಕರೆದು ಆತನನ್ನು ಅವಮಾನಿಸಿದ. ಅದೇ ಶತಮಾನದ ಮಧ್ಯಭಾಗದಲ್ಲಿ ಜಾರ್ಜ್ ಫಾಕ್ಸ್ ಹಾಗೂ ಅವನ ಕ್ವೇಕರ್ ಸಂಗಡಿಗರು, ದೇವರೆದುರು ಎಲ್ಲರೂ ಸಮಾನರೆಂದು, ಶ್ರೀಮಂತರಿಗೂ ನ್ಯಾಯಾಧೀಶರಿಗೂ ‘ದೌ’ ಎಂದೇ ಹೇಳಿ ಏಟು ತಿಂದರು. ಒಂದು ಸರ್ವನಾಮಕ್ಕಾಗಿ ಏಟು! ಆದರೆ ಜನ ಹಿಡಿದದ್ದು ಬೇರೆ ದಾರಿ. ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಗೌರವದ ‘ಯೂ’ ಸಂದಿತು. 18ನೆಯ ಶತಮಾನದ ಹೊತ್ತಿಗೆ ‘ದೌ’ ಪ್ರಾರ್ಥನೆ, ಕಾವ್ಯ ಮತ್ತು ಕೆಲವು ಪ್ರಾಂತಗಳ ಆಡುಮಾತಿಗೆ ಸರಿಯಿತು.

ಹೀಗಾಗಿ ಇಂದಿನ ‘ಯೂ’ ಮೂಲತಃ ನಮ್ಮ ‘ನೀವು’. ಎದುರಿಗೆ ಒಬ್ಬನೇ ಇದ್ದರೂ ‘ಯೂ ಆರ್’ ಎನ್ನುವುದು ಇದಕ್ಕಾಗಿಯೇ. ಒಬ್ಬರೋ ಹಲವರೋ ಎಂಬ ಭೇದ ಆತ್ಮಾರ್ಥಕ ಸರ್ವನಾಮದಲ್ಲಿ ಉಳಿದಿದೆ: ಒಬ್ಬರಿಗೆ ‘ಯುವರ್‌ಸೆಲ್ಫ್’, ಹಲವರಿಗೆ ‘ಯುವರ್‌ಸೆಲ್ವ್ಸ್’.

ಪ್ರಥಮ ಪುರುಷದಲ್ಲಿ ತೊಡಕು ಬೇರೆ. ‘ದೇ’ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಭಾಷೆಯಿಂದ ಬಂದ ಪದ. ನಮ್ಮ ‘ಅವರು’ ಇದ್ದಂತೆ ಅದಕ್ಕೆ ಗೌರವದ ಅರ್ಥ ಅಂಟಲಿಲ್ಲ. ಮುಖ್ಯ ಗುರುಗಳು ರಜೆಯಲ್ಲಿದ್ದರೆ ‘ಹೀ ಈಸ್ ಆನ್ ಲೀವ್’ ಎನ್ನಬೇಕು. ಗೌರವಕ್ಕೆಂದು ‘ದೇ ಆರ್’ ಎಂದರೆ ಕೇಳಿದವರು ಹಲವರೆಂದು ತಿಳಿದಾರು. ಉರ್ದು ಮನೆಯ ಮಕ್ಕಳಿಗೆ ಇನ್ನೊಂದು ಕಷ್ಟ. ‘ವೋ’ ಗಂಡಿಗೂ ಹೆಣ್ಣಿಗೂ ಒಂದೇ, ಲಿಂಗ ತಿಳಿಯುವುದು ಕ್ರಿಯಾಪದದಿಂದ. ಅದಕ್ಕೇ ಅಮ್ಮಿಯ ಬಗ್ಗೆ ಬರೆಯುವಾಗ ‘ಹೀ’ ನುಸುಳುತ್ತದೆ. ಅಂಥವರು ಕನ್ನಡದ ‘ಅವನು, ಅವಳು’ ನೆನೆದುಕೊಂಡು ಬರೆದರೆ ‘ಷೀ’ ತಾನಾಗಿ ಬರುತ್ತದೆ.