ತಾರಸಿಯ ಬಿಸಿಲು ಲಾಭಕ್ಕೋ, ನಷ್ಟಕ್ಕೋ?

ಚೆನ್ನೈಯಲ್ಲಿ ಯಾವುದಕ್ಕೆ ಬರವಿದ್ದರೂ ಬಿಸಿಲಿಗಿಲ್ಲ. ಹಾಗಾದರೆ ಮನೆಯ ತಾರಸಿಗೆ ಸೋಲಾರ್ ಹಾಕಿಸಿದರೆ ದುಡ್ಡು ಗಿಟ್ಟುತ್ತದೆಯೇ? ಉತ್ತರಕ್ಕಾಗಿ ಕೊಂಚ ಹಿಂದಕ್ಕೆ ಹೋಗೋಣ ಬನ್ನಿ.

1954ರ ಏಪ್ರಿಲ್ 25ರಂದು ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿತು. ಅದರಿಂದ ಓಡಿಸಿದ್ದು ಒಂದು ಆಟಿಕೆ ಜಯಂಟ್ ವೀಲ್ ಮತ್ತು ಒಂದು ರೇಡಿಯೋ ಟ್ರಾನ್ಸ್‌ಮಿಟರ್! ನೋಡಿ, ರೇಡಿಯೋಗೂ ಸೋಲಾರಿಗೂ ಅಂದಿನಿಂದಲೇ ನಂಟು. ಬಿದ್ದ ಬಿಸಿಲಿನಲ್ಲಿ ಕರೆಂಟಾಗುತ್ತಿದ್ದುದು ಸುಮಾರು ಶೇ. 6 ಮಾತ್ರ, ಬೆಲೆಯೋ ಆಕಾಶದಲ್ಲಿ. ಆದರೂ 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹ ಅದನ್ನು ಹೊತ್ತು ಹೋಯಿತು. ಅಲ್ಲಿ ಕಂಬವಿಲ್ಲ, ತಂತಿಯಿಲ್ಲ. ಎಷ್ಟು ದುಬಾರಿಯಾದರೂ ಅದು ಲಾಭವೇ.

ನಮ್ಮ ಕರ್ನಾಟಕದಲ್ಲಿ ಆದದ್ದೂ ಹೀಗೆಯೇ. 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ, ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿತು. ಅಲ್ಲಿ ಸೋಲಾರಿಗೆ ಎದುರಾಳಿ ಸೀಮೆಎಣ್ಣೆ ಬುಡ್ಡಿ. ಬಡವರಿಗೂ ಲೆಕ್ಕ ಹೊಂದಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇನ್ನು ನಮ್ಮ ಚೆನ್ನೈ. 2012ರಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟು ಕಡಿತ ಇದ್ದದ್ದು ನೆನಪಿದೆಯೇ? ಅದೇ ವರ್ಷ ತಮಿಳುನಾಡು ಸೌರನೀತಿ ಪ್ರಕಟಿಸಿತು. ಆಮೇಲೆ ಕೇಂದ್ರದ ಸಬ್ಸಿಡಿಯ ಜೊತೆಗೆ ಕಿಲೋವ್ಯಾಟಿಗೆ 20,000 ರೂಪಾಯಿ ಪ್ರೋತ್ಸಾಹಧನವನ್ನೂ ಕೊಟ್ಟಿತು. ಆದರೆ 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತವಾಯಿತು. ಪುಕ್ಕಟೆ ಕರೆಂಟಿನೆದುರು ಯಾವ ಸೋಲಾರ್ ಗೆದ್ದೀತು?

2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಗೊತ್ತುಮಾಡಿತು. ಒಟ್ಟು ಖರ್ಚು 2 ಲಕ್ಷವೆಂದಿಟ್ಟುಕೊಳ್ಳಿ, ಕೈಯಿಂದ ಬೀಳುವುದು 1,22,000. ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ಟಿನಂತೆ ಎರಡು ತಿಂಗಳಿಗೆ 720 ಯೂನಿಟ್. ಎ.ಸಿ. ಓಡಿಸುವ, 900 ಯೂನಿಟ್ ಸುಡುವ ಮನೆಗೆ, ಉಳಿದ ಯೂನಿಟ್ಟಿಗೆ ಸರಾಸರಿ 6 ರೂಪಾಯಿ ಹಿಡಿದರೂ, ಹಾಕಿದ ದುಡ್ಡು ಸುಮಾರು ಐದು ವರ್ಷಕ್ಕೆ ವಾಪಸು. ಫಲಕಗಳ ಆಯಸ್ಸು 25 ವರ್ಷ. ಆದರೆ 200 ಯೂನಿಟ್ಟಿನಲ್ಲೇ ಸಂಸಾರ ತೂಗಿಸುವ ಮನೆಗೆ ಅಸಲೂ ಹುಟ್ಟುವುದು ಕಷ್ಟ.

ಇನ್ನೊಂದು ಮಾತು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ನಗರವನ್ನು ಕತ್ತಲಲ್ಲಿ ಮುಳುಗಿಸಿದ್ದನ್ನು ಮರೆಯುವಂತಿಲ್ಲ. ಬ್ಯಾಟರಿಯಿಲ್ಲದೆ ಬೀದಿಯ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲೆಂದೇ ಈ ಏರ್ಪಾಡು. ಕತ್ತಲೆಗೆ ಮದ್ದೆಂದು ಕೊಳ್ಳುವವರು ಬ್ಯಾಟರಿಯ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಉಪಗ್ರಹಕ್ಕೆ, ಹಳ್ಳಿಮನೆಗೆ, ನಮಗೆ ಬಿಸಿಲು ಒಂದೇ. ಬೇರೆಯಾಗುವುದು ಸೋಲಾರ್ ಯಾವ ಖರ್ಚನ್ನು ತಪ್ಪಿಸುತ್ತದೆ ಎಂಬುದಷ್ಟೇ. ಆದ್ದರಿಂದ ಫಲಕ ಮಾರುವವರ ಮಾತಿಗೆ ಮುನ್ನ ಒಂದು ವರ್ಷದ ಆರು ಬಿಲ್ಲುಗಳನ್ನು ಹರಡಿಕೊಂಡು ಕೂಡಿ. ಅಪಾರ್ಟ್‌ಮೆಂಟಿನವರಾದರೆ, ತಾರಸಿ ಯಾರದೆಂದು ಮೊದಲು ಕೇಳಿ!