ಪಾರ್ಕಿಂಗ್ ಜಾಗದಲ್ಲಿ ಎಣಿಸಿದ 45 ಕೂಸುಗಳು: ಕ್ಯಾಲಿಫೋರ್ನಿಯಾದ ಶಿಶುಪಾಲನಾ ಕಾನೂನಿನ ಕಥೆ

 

ಇವತ್ತಿನ ಕಥೆ ಒಂದು ಪಾರ್ಕಿಂಗ್ ಜಾಗದಿಂದ ಶುರುವಾಗುತ್ತೆ. ಎರಡನೇ ಮಹಾಯುದ್ಧದ ಕಾಲ. ಊರು ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಫರ್ನಾಂಡೊ ಕಣಿವೆ. ಅಲ್ಲಿ ಯುದ್ಧ ಸಾಮಗ್ರಿ ತಯಾರಿಸುವ ಕಾರ್ಖಾನೆಗಳಿದ್ದವು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಒಂದು ದಿನ ಒಬ್ಬ ಸಮಾಜ ಕಾರ್ಯಕರ್ತೆ ಒಂದೇ ಒಂದು ಪಾರ್ಕಿಂಗ್ ಜಾಗದಲ್ಲಿ ನಿಂತ ಕಾರುಗಳನ್ನು ಇಣುಕಿ ನೋಡುತ್ತಾ ಹೋದರು. ಬೀಗ ಹಾಕಿದ ಕಾರುಗಳೊಳಗೆ ಮಕ್ಕಳಿದ್ದರು. ಅವರು ಎಣಿಸಿದರು: 45 ಕೂಸುಗಳು. ಯುದ್ಧಕಾಲದ ಅಮೆರಿಕ ಸುತ್ತಿ ವರದಿ ಮಾಡಿದ ಪತ್ರಕರ್ತೆ ಆಗ್ನೆಸ್ ಮೇಯರ್ ಈ ಸಂಗತಿಯನ್ನು ದಾಖಲಿಸಿದ್ದಾರೆ.

ಕೇಳಿದ ಕೂಡಲೇ ನಮ್ಮ ಬಾಯಲ್ಲಿ ಬರೋ ಮಾತು ಯಾವುದು? "ಎಂಥಾ ತಾಯಂದಿರಪ್ಪಾ!" ಆ ಕಾಲದಲ್ಲೂ ಬಹಳ ಜನ ಹಾಗೇ ಅಂದರು. ಆದರೆ ಸ್ವಲ್ಪ ಯೋಚಿಸಿ. ಕೆಲಸ ಬೇಕು, ಮನೆಯಲ್ಲಿ ನೋಡಿಕೊಳ್ಳೋರಿಲ್ಲ, ಊರಿಗೇ ಹೊಸಬರು, ಅಜ್ಜಿ ಇರೋದು ಸಾವಿರಾರು ಮೈಲಿ ದೂರದಲ್ಲಿ. ಕಾರಿನಲ್ಲಿ ಬಿಟ್ಟರೆ ಊಟದ ಬಿಡುವಿನಲ್ಲಾದರೂ ಓಡಿಬಂದು ನೋಡಬಹುದು. ಆ 45 ಮಕ್ಕಳು 45 ಕೆಟ್ಟ ತಾಯಂದಿರ ಲೆಕ್ಕ ಅಲ್ಲ. ಆ ಊರಲ್ಲಿ ಏನಿರಲಿಲ್ಲ ಅನ್ನೋದರ ಲೆಕ್ಕ.

ಮಕ್ಕಳನ್ನು ನೋಡಿಕೊಳ್ಳೋ ಜವಾಬ್ದಾರಿಯನ್ನು ಇಡೀ ರಾಜ್ಯದ ಮಟ್ಟದಲ್ಲಿ ಯೋಜಿಸೋಕೆ ಕ್ಯಾಲಿಫೋರ್ನಿಯಾಗೆ ಸುಮಾರು 50 ವರ್ಷ ಹಿಡಿಯಿತು. ಆ ದಾರಿಯಲ್ಲಿ ಊರಿನ ಆಡಳಿತಗಳು ಏನು ಮಾಡಿದವು, ಅದೇ ಇವತ್ತಿನ ವಿಷಯ.

ಅರ್ಜಿ ಹಾಕಿದ ಊರಿಗೆ ಮಾತ್ರ ದುಡ್ಡು

1940ರಲ್ಲಿ ಅಮೆರಿಕದ ಸಂಸತ್ತು ಲ್ಯಾನ್‌ಹ್ಯಾಮ್ ಕಾಯ್ದೆ ಅಂತ ಒಂದನ್ನು ಮಾಡಿತ್ತು. ಯುದ್ಧದ ಕೈಗಾರಿಕೆಗಳು ಬಂದು ಇದ್ದಕ್ಕಿದ್ದಂತೆ ಬೆಳೆದ ಊರುಗಳಿಗೆ ಮೂಲಸೌಕರ್ಯಕ್ಕೆ ಹಣ ಕೊಡುವ ಕಾಯ್ದೆ ಅದು. ಅದರಲ್ಲಿ ಮಕ್ಕಳ ಪ್ರಸ್ತಾಪವೇ ಇರಲಿಲ್ಲ. 1942ರಲ್ಲಿ ಅದೇ ಕಾಯ್ದೆಯ ಹಣವನ್ನು ಶಿಶುಪಾಲನಾ ಕೇಂದ್ರಗಳಿಗೂ ಬಳಸೋಕೆ ಶುರು ಮಾಡಿದರು.

ಆದರೆ ಒಂದು ಷರತ್ತು. ಹಣ ತಾನಾಗಿ ಬರಲ್ಲ. ಊರಿನವರು ಅರ್ಜಿ ಹಾಕಬೇಕು. ನಮ್ಮಲ್ಲಿ ಇಷ್ಟು ಜನ ತಾಯಂದಿರು ಕೆಲಸಕ್ಕೆ ಹೋಗ್ತಾರೆ, ಕೇಂದ್ರದ ಅಗತ್ಯ ಇದೆ ಅಂತ ತೋರಿಸಬೇಕು. ಖರ್ಚಿನ ಒಂದು ಪಾಲನ್ನು ಸ್ಥಳೀಯವಾಗಿ ಹೊಂದಿಸಬೇಕು. ಅಂದ್ರೆ ಎಣಿಸಿದ ಊರಿಗೆ ಕೇಂದ್ರ ಸಿಕ್ಕಿತು, ಎಣಿಸದ ಊರಿಗೆ ಸಿಗಲಿಲ್ಲ. 1944ರ ಜುಲೈನಲ್ಲಿ ದೇಶದಾದ್ಯಂತ ಇಂಥ 3,102 ಕೇಂದ್ರಗಳಲ್ಲಿ ಸುಮಾರು 1.29 ಲಕ್ಷ ಮಕ್ಕಳಿದ್ದರು.

ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಮುಂದೆ ಬಂದದ್ದು ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು ಇವು. 1943ರಲ್ಲಿ ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡಿ, ಶಿಶುಪಾಲನಾ ಕೇಂದ್ರ ನಡೆಸುವ ಅಧಿಕಾರವನ್ನು ಇವಕ್ಕೆ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ರಿಚ್‌ಮಂಡ್ ಅಂತ ಒಂದು ಊರಿದೆ. 1940ರಲ್ಲಿ ಅಲ್ಲಿದ್ದದ್ದು ಸುಮಾರು 24 ಸಾವಿರ ಜನ. ಕೈಸರ್ ಕಂಪನಿಯ ಹಡಗುಕಟ್ಟೆಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಜನಸಂಖ್ಯೆ ಲಕ್ಷದ ಹತ್ತಿರ ಬಂತು. ಹಗಲು ರಾತ್ರಿ ಪಾಳಿಯ ಕೆಲಸ. ಅಲ್ಲಿ 1943ರಲ್ಲಿ ತೆರೆದ ಮ್ಯಾರಿಟೈಮ್ ಶಿಶು ಕೇಂದ್ರದಲ್ಲಿ ತರಬೇತಾದ ಶಿಕ್ಷಕಿಯರೂ ಪೌಷ್ಟಿಕ ಆಹಾರ ತಜ್ಞರೂ ಇದ್ದರು. ಆ ಕಟ್ಟಡ ಇವತ್ತಿಗೂ ಇದೆ.

ಯುದ್ಧ ಮುಗೀತು, ಕೇಂದ್ರವೂ ಮುಗೀಬೇಕಾ?

1945ರ ಆಗಸ್ಟ್. ಜಪಾನ್ ಶರಣಾಯಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೇಳಿತು: ಶಿಶುಪಾಲನಾ ಹಣ ನಿಲ್ಲಿಸ್ತೀವಿ, ಇದು ಯುದ್ಧಕಾಲದ ವ್ಯವಸ್ಥೆ ಮಾತ್ರ.

ಮುಂದೇನಾಯಿತು ಗೊತ್ತಾ? ಸಾವಿರಕ್ಕೂ ಹೆಚ್ಚು ಪತ್ರ, ನೂರಾರು ತಂತಿ, ನೂರಾರು ಕಾರ್ಡು, ಸಾವಿರಾರು ಸಹಿ ಇರುವ ಮನವಿಗಳು ವಾಷಿಂಗ್ಟನ್‌ಗೆ ಹೋದವು. ಅವುಗಳಲ್ಲಿ ಕ್ಯಾಲಿಫೋರ್ನಿಯಾದವು ಬಹಳ. ಗಂಡ ಯುದ್ಧದಿಂದ ವಾಪಸ್ ಬಂದಿಲ್ಲ, ಕೆಲವರ ಗಂಡ ಬರೋದೇ ಇಲ್ಲ, ಸಂಬಳ ನಿಂತರೆ ಮನೆ ನಡೆಯೋದು ಹೇಗೆ? ಅಧ್ಯಕ್ಷ ಟ್ರೂಮನ್ ಗಡುವನ್ನು 1946ರ ಫೆಬ್ರವರಿ ಕೊನೆಯವರೆಗೆ ಮುಂದೂಡಿದರು. ಆಮೇಲೆ ಹಣ ನಿಂತೇ ಹೋಯಿತು. ದೇಶದ ಬಹುತೇಕ ಕೇಂದ್ರಗಳಿಗೆ ಬೀಗ ಬಿತ್ತು. ಕೆಲವು ನಗರಗಳು ಮಾತ್ರ ತಮ್ಮ ಪಾಡಿಗೆ ಒಂದಷ್ಟು ಉಳಿಸಿಕೊಂಡವು.

ರಾಜ್ಯದುದ್ದಕ್ಕೂ ಈ ವ್ಯವಸ್ಥೆ ಉಳಿದದ್ದು ಕ್ಯಾಲಿಫೋರ್ನಿಯಾದಲ್ಲಿ. ಕಾರಣ ಬಹಳ ಸರಳ. ಅಲ್ಲಿ ಕೇಂದ್ರಗಳು ಊರಿನ ಶಾಲೆಯ ಭಾಗವಾಗಿಬಿಟ್ಟಿದ್ದವು. ಶಿಕ್ಷಕಿಯರು ಅದೇ ಊರಿನವರು. ಬೀಗ ಹಾಕಿದರೆ ಯಾರ ಮನೆಯ ಒಲೆ ಆರುತ್ತೆ ಅನ್ನೋದು ಶಾಲೆ ನಡೆಸುವವರಿಗೆ ಹೆಸರು ಹಿಡಿದು ಹೇಳುವಷ್ಟು ಗೊತ್ತಿತ್ತು. ತಾಯಂದಿರು, ಶಿಕ್ಷಕಿಯರು, ಶಾಲಾ ಆಡಳಿತದವರು ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗಿ ಒತ್ತಾಯ ಮಾಡಿದರು. 1946ರಲ್ಲಿ ರಾಜ್ಯವೇ ಹಣ ಕೊಡಲು ಒಪ್ಪಿತು. ಆದರೆ ಕುಟುಂಬದ ಆದಾಯ ಇಷ್ಟರೊಳಗೆ ಇರಬೇಕು ಅನ್ನೋ ಮಿತಿ ಬಂತು. ಕಾನೂನಿನ ಆಯುಸ್ಸೂ ಒಂದೆರಡು ವರ್ಷ ಮಾತ್ರ. ಅವಧಿ ಮುಗಿಯುವಾಗೆಲ್ಲ ಮತ್ತೆ ಹೋಗು, ಮತ್ತೆ ಕೇಳು. ಹೀಗೆ ಹನ್ನೊಂದು ವರ್ಷ ಅಲೆದ ಮೇಲೆ, 1957ರಲ್ಲಿ ಅದು ಶಾಶ್ವತ ಕಾನೂನಾಯಿತು. ಕೂಸಾಗಿ ಕೇಂದ್ರಕ್ಕೆ ಬಂದ ಮಕ್ಕಳು ಅಷ್ಟೊತ್ತಿಗೆ ಹೈಸ್ಕೂಲಿನಲ್ಲಿದ್ದರು.

5 ಸಾವಿರ ಜನರ ಊರಿಗೂ ಯೋಜನೆ ಮಾಡೋಕೆ ಬರುತ್ತಾ?

ಈಗ 1971ಕ್ಕೆ ಬರೋಣ. ಈ ಸಲ ಇಡೀ ದೇಶಕ್ಕೇ ಒಂದು ಮಸೂದೆ ಬಂತು, ಸಮಗ್ರ ಶಿಶು ಅಭಿವೃದ್ಧಿ ಮಸೂದೆ. ಸೆನೆಟ್‌ನಲ್ಲಿ ವಾಲ್ಟರ್ ಮಾಂಡೇಲ್, ಕೆಳಮನೆಯಲ್ಲಿ ಜಾನ್ ಬ್ರಾಡೆಮಾಸ್ ಇದರ ಮುಂದಾಳುಗಳು. ಹೊರಗೆ ನಿಂತು ಶಕ್ತಿ ತುಂಬಿದವರು ಮೇರಿಯನ್ ರೈಟ್ ಎಡೆಲ್ಮನ್ ಅನ್ನೋ ಕಪ್ಪು ವರ್ಣೀಯ ವಕೀಲೆ.

ದೊಡ್ಡ ಜಗಳ ಆಗಿದ್ದು ಹಣದ ವಿಷಯಕ್ಕೆ ಮಾತ್ರ ಅಲ್ಲ. ಯೋಜನೆ ಮಾಡೋರು ಯಾರು ಅನ್ನೋದಕ್ಕೂ. ರಾಜ್ಯ ಸರ್ಕಾರವಾ? ದೊಡ್ಡ ನಗರವಾ? ಸಣ್ಣ ಊರಾ? ಎಡೆಲ್ಮನ್ ಮಿಸಿಸಿಪ್ಪಿಯಲ್ಲಿ ಕೆಲಸ ಮಾಡಿದವರು. ಅಲ್ಲಿನ ರಾಜ್ಯ ಸರ್ಕಾರ ಕಪ್ಪು ಮಕ್ಕಳ ಪಾಲಿಗೆ ಹೇಗಿತ್ತು ಅನ್ನೋದನ್ನು ಕಣ್ಣಾರೆ ಕಂಡವರು. ಹಣ ರಾಜ್ಯದ ಕೈಗೆ ಹೋದರೆ ಬಡ ಮಕ್ಕಳಿಗೆ ತಲುಪಲ್ಲ, ಊರಿನ ಕೈಗೇ ಬರಬೇಕು ಅನ್ನೋದು ಅವರ ಪಟ್ಟು. ಕೊನೆಗೆ 5 ಸಾವಿರ ಜನ ಇರುವ ಊರೂ ನೇರವಾಗಿ ಹಣ ಕೇಳಬಹುದು ಅಂತಾಯಿತು. ಎರಡೂ ಸದನದಲ್ಲಿ ಪಾಸಾಯಿತು.

1971ರ ಡಿಸೆಂಬರ್ 9ರಂದು ಅಧ್ಯಕ್ಷ ನಿಕ್ಸನ್ ವಿಟೊ ಹಾಕಿದರು. ಇದು ಕುಟುಂಬವನ್ನು ದುರ್ಬಲ ಮಾಡುತ್ತೆ ಅನ್ನೋ ಅವರ ಮಾತು ಎಲ್ಲರಿಗೂ ನೆನಪಿದೆ. ಆದರೆ ಅದೇ ಸಂದೇಶದಲ್ಲಿ ಇನ್ನೊಂದು ಆಕ್ಷೇಪವೂ ಇತ್ತು: 5 ಸಾವಿರದ ಮಿತಿ ಇಟ್ಟರೆ 7 ಸಾವಿರ ಸ್ಥಳೀಯ ಸಂಸ್ಥೆಗಳು ಬಂದು ನಿಲ್ಲಬಹುದು, ಅಷ್ಟನ್ನು ಸಂಭಾಳಿಸೋದು ಹೇಗೆ ಅಂತ.

ಇಲ್ಲಿ ನಿಕ್ಸನ್ ಹೇಳಿದ್ದು ಪೂರ್ತಿ ತಳ್ಳಿಹಾಕೋ ಮಾತಲ್ಲ. ಊರೂರಿಗೆ ಅಧಿಕಾರ ಕೊಟ್ಟು, ಮಧ್ಯದಲ್ಲಿ ಜೋಡಿಸುವ ಕೊಂಡಿ ಇಲ್ಲದಿದ್ದರೆ ಯೋಜನೆ ಚೂರುಚೂರಾಗುತ್ತೆ. ಮೇಲಿಂದ ಮಾತ್ರ ಮಾಡಿದರೆ ಮಿಸಿಸಿಪ್ಪಿ ಆಗುತ್ತೆ. ಈ ಗಂಟನ್ನು ಬಿಡಿಸೋ ಒಂದು ದಾರಿ ಇಪ್ಪತ್ತು ವರ್ಷಗಳ ನಂತರ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು.

ನಗರಸಭೆಯ ಒಂದು ಪತ್ರಕ್ಕೆ ಯಾಕೆ ಬೆಲೆ?

1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಶನ್ 13 ಪಾಸು ಮಾಡಿ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದರು. ನಗರಸಭೆಗಳ ಮುಖ್ಯ ಆದಾಯವೇ ಅದು. ಬೊಕ್ಕಸ ಬರಿದಾಯಿತು. ಮರುವರ್ಷ ರಾಜ್ಯದ ಸಂವಿಧಾನಕ್ಕೆ ಇನ್ನೊಂದು ತಿದ್ದುಪಡಿ ಬಂತು: ರಾಜ್ಯ ಯಾವುದಾದರೂ ಹೊಸ ಕೆಲಸವನ್ನು ಸ್ಥಳೀಯ ಸಂಸ್ಥೆಗಳ ತಲೆಗೆ ಕಟ್ಟಿದರೆ ಅದರ ಖರ್ಚನ್ನೂ ಕೊಡಬೇಕು.

ಈ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ಅರ್ಥ ಆಗುತ್ತೆ. ಹೊಸ ಮಸೂದೆ ಬಂತು ಅಂದ್ರೆ ನಗರಸಭೆಯವರು ಮೊದಲು ಕೇಳೋದು "ದುಡ್ಡು ಯಾರು ಕೊಡ್ತಾರೆ?" ಅಂತ. ಅಂಥ ನಗರಸಭೆಯೇ ಕೂತು, ಠರಾವು ಮಾಡಿ, ಈ ಮಸೂದೆಗೆ ನಮ್ಮ ಬೆಂಬಲ ಇದೆ ಅಂತ ಬರೆದು ಕಳಿಸಿದರೆ? ಸ್ಯಾಕ್ರಮೆಂಟೊದಲ್ಲಿ ಸಮಿತಿಯ ಮುಂದೆ ಬರುವ ಪ್ರತಿ ಮಸೂದೆಯ ವಿಶ್ಲೇಷಣೆಯ ಕೊನೆಯಲ್ಲಿ ಬೆಂಬಲಿಸಿದವರ ಪಟ್ಟಿ, ವಿರೋಧಿಸಿದವರ ಪಟ್ಟಿ ಇರುತ್ತೆ. ಅದರಲ್ಲಿ ನಗರದ ಹೆಸರು ಕಂಡರೆ ಶಾಸಕರಿಗೆ ಒಂದು ಅರ್ಥ ಆಗುತ್ತೆ: ಇದನ್ನು ನೆಲದ ಮೇಲೆ ನಡೆಸಬೇಕಾದವರೇ ಒಪ್ಪಿದ್ದಾರೆ.

ಕೆಲವು ನಗರಗಳು ರಾಜ್ಯಕ್ಕಾಗಿ ಕಾಯಲೂ ಇಲ್ಲ. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದು ನಿಯಮ ತಂದಿತು. 50 ಸಾವಿರ ಚದರಡಿಗಿಂತ ದೊಡ್ಡ ಆಫೀಸ್ ಕಟ್ಟಡ ಕಟ್ಟುವವರು ಶಿಶುಪಾಲನೆಗೆ ಜಾಗ ಕೊಡಬೇಕು, ಇಲ್ಲದಿದ್ದರೆ ಚದರಡಿಗೆ ಒಂದು ಡಾಲರ್ ಕಟ್ಟಬೇಕು. ನೀವು ಕಟ್ಟೋ ಆಫೀಸಿಗೆ ಬರೋ ಜನಕ್ಕೆ ಮಕ್ಕಳಿರ್ತಾರೆ ತಾನೆ, ಅನ್ನೋ ಸರಳ ತರ್ಕ.

1990ರಲ್ಲಿ ಕೇಂದ್ರ ಸರ್ಕಾರ ಕೊನೆಗೂ ಶಿಶುಪಾಲನೆಗೆ ರಾಜ್ಯಗಳಿಗೆ ಅನುದಾನ ಕೊಡಲು ಶುರು ಮಾಡಿತು. ಆ ಹಣ ಬಂದಾಗ ಹಂಚೋದು ಹೇಗೆ? 1991ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಕೌಂಟಿಗೊಂದು ಸ್ಥಳೀಯ ಶಿಶುಪಾಲನಾ ಯೋಜನಾ ಮಂಡಳಿ ಇರಬೇಕು ಅಂದಿತು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಆ ರಾಜ್ಯದಲ್ಲಿ 58 ಇವೆ. 1997ರಲ್ಲಿ ಈ ಮಂಡಳಿಗಳ ಕೆಲಸ ಇನ್ನೂ ವಿಸ್ತಾರವಾಯಿತು.

ಮಂಡಳಿಯ ರಚನೆ ನೋಡಿ. ಶೇ 20ರಷ್ಟು ಸದಸ್ಯರು ಪೋಷಕರು. ಶೇ 20 ಶಿಶುಪಾಲನೆ ಮಾಡುವವರು. ಶೇ 20 ಸರ್ಕಾರಿ ಇಲಾಖೆಗಳವರು. ಶೇ 20 ಸಮುದಾಯದ ಪ್ರತಿನಿಧಿಗಳು. ಉಳಿದ ಶೇ 20 ನೇಮಕ ಮಾಡುವವರ ವಿವೇಚನೆಗೆ. ನೇಮಕ ಮಾಡೋದು ಚುನಾಯಿತ ಕೌಂಟಿ ಮಂಡಳಿ ಮತ್ತು ಕೌಂಟಿಯ ಶಿಕ್ಷಣ ಮುಖ್ಯಸ್ಥರು.

ಇವರ ಮೊದಲ ಕೆಲಸ? ಎಣಿಸೋದು! ಐದು ವರ್ಷಕ್ಕೊಮ್ಮೆಯಾದರೂ ಲೆಕ್ಕ ತೆಗೀಬೇಕು. ಯಾವ ವಯಸ್ಸಿನ ಮಕ್ಕಳು ಎಷ್ಟು, ಸೀಟು ಎಷ್ಟು, ಮನೆಯಲ್ಲಿ ಯಾವ ಭಾಷೆ ಮಾತಾಡ್ತಾರೆ, ವಿಶೇಷ ಅಗತ್ಯವಿರುವ ಮಕ್ಕಳೆಷ್ಟು, ಹೊಲದ ಕೆಲಸಕ್ಕೆ ಊರೂರು ವಲಸೆ ಹೋಗುವವರ ಮಕ್ಕಳೆಷ್ಟು. ಆಮೇಲೆ ಪಿನ್‌ಕೋಡ್ ಮಟ್ಟದಲ್ಲಿ ಹೇಳಬೇಕು: ರಾಜ್ಯದಿಂದ ಹೊಸ ಹಣ ಬಂದರೆ ಮೊದಲು ಈ ಪ್ರದೇಶಕ್ಕೆ ಕೊಡಿ.

1971ರಲ್ಲಿ ಕಾಣೆಯಾಗಿದ್ದ ಕೊಂಡಿ ಇದೇ. ಹಣ ರಾಜ್ಯದ್ದು, ಲೆಕ್ಕ ಊರಿನದ್ದು.

ಹಾಗಂತ ಸಮಸ್ಯೆ ಮುಗೀತಾ? ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇವತ್ತಿಗೂ ಡೇ ಕೇರ್ ದುಬಾರಿ, ಸೀಟಿಗಾಗಿ ಕಾಯಬೇಕು. ಅಲ್ಲಿರೋ ನಮ್ಮ ಕನ್ನಡದ ಅಣ್ಣ-ಅಕ್ಕಂದಿರನ್ನು ಕೇಳಿದರೆ ಅವರೇ ಹೇಳ್ತಾರೆ. 2020ರಲ್ಲಿ ರಾಜ್ಯ ಮತ್ತೊಂದು ದೊಡ್ಡ ಮಾಸ್ಟರ್ ಪ್ಲಾನ್ ಮಾಡಬೇಕಾಗಿ ಬಂತು. ಎಣಿಸಿದ ಮಾತ್ರಕ್ಕೆ ಸೀಟು ಹುಟ್ಟಲ್ಲ. ಆದರೆ ಇಷ್ಟು ಮಕ್ಕಳಿಗೆ ಜಾಗ ಇಲ್ಲ ಅಂತ ಸರ್ಕಾರದ ಕಾಗದದಲ್ಲೇ ಬರೆದಿದ್ದರೆ, ನಮಗೆ ಗೊತ್ತೇ ಇರಲಿಲ್ಲ ಅಂತ ಹೇಳೋಕಂತೂ ಆಗಲ್ಲ.

ನಮ್ಮೂರಿನ ಲೆಕ್ಕ

ಕೊನೆಗೆ ನಮ್ಮ ಮನೆ ಬಾಗಿಲಿಗೆ ಬರೋಣ. ನಮ್ಮಲ್ಲಿ ಅಂಗನವಾಡಿ ಜಾಲ ದೊಡ್ಡದಿದೆ. 1975ರಲ್ಲಿ ಐಸಿಡಿಎಸ್ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆದರೆ ಅಂಗನವಾಡಿಯಲ್ಲಿ ದಿನವಿಡೀ ಕೂರೋದು ಮುಖ್ಯವಾಗಿ ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕ ಕೂಸುಗಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರ "ಕೂಸಿನ ಮನೆ" ಘೋಷಿಸಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ, 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವ ಗುರಿ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರಲ್ಲಿ 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ.

ಅಂದ್ರೆ ಎಣಿಸೋ ಹಕ್ಕು ನಮ್ಮ ಪಂಚಾಯಿತಿಗೂ ಇದೆ. ಒಂದೂವರೆ ವರ್ಷದ ಮಗು ಗ್ರಾಮ ಸಭೆಗೆ ಬಂದು ಮಾತಾಡಲ್ಲ. ಅದರ ಅಮ್ಮ ಆ ಹೊತ್ತಿಗೆ ಕೂಲಿಗೆ ಹೋಗಿರ್ತಾಳೆ. ಹಾಗಾಗಿ ಮುಂದಿನ ಗ್ರಾಮ ಸಭೆಗೋ ವಾರ್ಡ್ ಸಭೆಗೋ ನೀವು ಹೋದರೆ, ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮೂರಲ್ಲಿ ಮೂರು ವರ್ಷದೊಳಗಿನ ಮಕ್ಕಳು ಎಷ್ಟು, ಅಮ್ಮ ಕೆಲಸಕ್ಕೆ ಹೋದಾಗ ಅವರು ಎಲ್ಲಿರ್ತಾರೆ?

ಸಿಕ್ಕ ಉತ್ತರವನ್ನು ನಮಗೂ ಬರೆದು ಕಳಿಸಿ.