ಕಲ್ಲೂರಿನ ತಾಮ್ರಖಡ್ಗಗಳು

ಬಾವಿ ತೋಡುವಾಗಲೋ, ಮನೆಯ ಅಸ್ತಿಭಾರವನ್ನು ಅಗೆಯುವಾಗಲೋ ಹಸುರು ಕಿಲುಬು ಹಿಡಿದ ಲೋಹದ ತುಂಡೊಂದು ಗುದ್ದಲಿಗೆ ತಗುಲಿದರೆ ನಮ್ಮ ಜನರು ಅದನ್ನು ಮೊದಲು ಉಜ್ಜಿ ನೋಡುವರು. ಹೊನ್ನಲ್ಲವೆಂದು ತಿಳಿದೊಡನೆ ಕಂಚುಗಾರನ ಕುಲುಮೆಗೆ ಕಳುಹುವರು. ಹೀಗೆ ಕರಗಿ ಹೋದ ಚರಿತ್ರೆಯು ಮರಳಿ ಬಾರದು. ಅಂತಹ ಗತಿಗೆ ಒಳಗಾಗದೆ ಉಳಿದ ವಸ್ತುಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯ ಕಲ್ಲೂರಿನ ತಾಮ್ರಖಡ್ಗಗಳು ಬಹು ಮುಖ್ಯವಾದವು. ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಾಗ ದೊರೆತ ಇವುಗಳನ್ನು ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯು 1937–40ರ ವರದಿಯಲ್ಲಿ ದಾಖಲು ಮಾಡಿತು.

ಶಾಸನವಾದರೆ ತನ್ನ ಹೆಸರನ್ನು ತಾನೇ ಹೇಳುವುದು. ನಾಣ್ಯವಾದರೆ ಅರಸನ ಮುದ್ರೆಯನ್ನು ತೋರುವುದು. ಅಕ್ಷರವಿಲ್ಲದ ಆಯುಧವನ್ನು ಗುರುತಿಸುವುದೆಂತು? ಅದರ ಲೋಹ, ಅದರ ಆಕಾರ, ಅದು ಬಿದ್ದಿದ್ದ ಎಡೆ, ಈ ಮೂರೇ ಅದಕ್ಕೆ ಸಾಕ್ಷಿಗಳು. ತಾಮ್ರವನ್ನು ಎಲ್ಲ ಕಾಲದಲ್ಲಿಯೂ ಬಳಸಿರುವುದರಿಂದ ಲೋಹವೊಂದನ್ನೇ ನೋಡಿ ಕಾಲವನ್ನು ಹೇಳಲಾಗದು. ಕಲ್ಲೂರಿನ ಖಡ್ಗಗಳ ವಿಷಯದಲ್ಲಿ ಮಾತಾಡಿದುದು ಆಕಾರವೇ. ಈ ಜಾತಿಯ ಖಡ್ಗದಲ್ಲಿ ಅಲಗೂ ಹಿಡಿಯೂ ಒಂದೇ ಲೋಹದಿಂದಾದವು. ಹಿಡಿಯ ತುದಿಯು ಕೀಟದ ಮೀಸೆಗಳಂತೆ ಎರಡಾಗಿ ಸೀಳಿ ಇಕ್ಕೆಲಕ್ಕೂ ಚಾಚಿರುವುದು.

ಇಂತಹ ಖಡ್ಗಗಳು ಹೆಚ್ಚಾಗಿ ದೊರೆತಿರುವುದು ಗಂಗಾ ಯಮುನೆಗಳ ನಡುವಣ ಸೀಮೆಯಲ್ಲಿ. ಅಲ್ಲಿನ ಫತೇಗಢದ ಖಡ್ಗಗಳು ವಿದ್ವಾಂಸರಿಗೆ ಬಹುಕಾಲದಿಂದ ಪರಿಚಿತವಾಗಿವೆ. 2018ರಲ್ಲಿ ಉತ್ತರಪ್ರದೇಶದ ಸಿನೌಲಿಯಲ್ಲಿ ಅಗೆದಾಗ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಸಮಾಧಿಗಳಲ್ಲಿ ಇದೇ ಬಗೆಯ ಖಡ್ಗವು ಶವಪೆಟ್ಟಿಗೆ ಮತ್ತು ಗಾಲಿಬಂಡಿಗಳ ಸಂಗಡ ಕಂಡುಬಂದಿತು. ಪುಣೆಯ ಬಳಿಯ ಚಾಂಡೋಲಿಯಲ್ಲಿಯೂ ಇದೇ ರೀತಿ ಹಿಡಿ ಸೀಳಿದ ತಾಮ್ರದ ಕಠಾರಿಯೊಂದು ದೊರೆತಿದೆ. ಹೀಗೆ ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡಿಗೂ ಉತ್ತರದ ಆ ಎಡೆದೊರೆಗೂ ಒಂದು ಸಂಬಂಧವು ತೋರುವುದು.

ಆದರೆ ಆಕಾರವು ಒಂದೇ ಆದ ಮಾತ್ರಕ್ಕೆ ಉತ್ತರದ ಜನರೇ ಇಲ್ಲಿಗೆ ಬಂದು ನೆಲೆಸಿದರೆಂದು ಸಾಧಿಸಿದಂತಾಗದು. ಖಡ್ಗವು ವರ್ತಕನ ಗೋಣಿಯಲ್ಲಿಯೂ ಬರಬಹುದು, ಯೋಧನ ಸೊಂಟದಲ್ಲಿಯೂ ಬರಬಹುದು. ಅದರ ಮಾದರಿಯನ್ನು ಕಂಡು ಇಲ್ಲಿನ ಕಮ್ಮಾರನೇ ಎರಕ ಹೊಯ್ದಿರಲೂಬಹುದು. ಇದನ್ನು ನಿರ್ಣಯಿಸಬಲ್ಲುದು ಮೂರನೆಯ ಸಾಕ್ಷಿಯಾದ ಎಡೆಯೇ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಪದರಪದರವಾಗಿ ಅಗೆದುದರಿಂದಲೇ ತಾಮ್ರಶಿಲಾಯುಗದವರು ಮೊದಲು, ಕಬ್ಬಿಣವನ್ನು ಬಳಸಿದ ಬೃಹತ್ ಶಿಲಾಸಮಾಧಿಯವರು ಅನಂತರ ಎಂಬ ಕ್ರಮವು ತಿಳಿದುಬಂದಿತು. ಪದರದಿಂದ ಕಿತ್ತ ವಸ್ತುವು ಊರನ್ನು ಮರೆತ ಪಯಣಿಗನಂತೆ; ಅವನ ಮುಖಲಕ್ಷಣವನ್ನು ನೋಡಿ ಊಹಿಸಬಹುದಲ್ಲದೆ ಅವನ ಬಾಯಿಂದ ವೃತ್ತಾಂತವನ್ನು ಕೇಳಲಾಗದು.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಹೊಲದಲ್ಲಿಯಾಗಲಿ ಹಿತ್ತಲಿನಲ್ಲಿಯಾಗಲಿ ಇಂತಹ ವಸ್ತು ಕಂಡರೆ ಹುಳಿ ಹಚ್ಚಿ ತಿಕ್ಕಬಾರದು. ಅಗೆತವನ್ನು ಅಲ್ಲಿಗೇ ನಿಲ್ಲಿಸಿ, ಅದು ಎಷ್ಟು ಆಳದಲ್ಲಿತ್ತು, ಅದರ ಸಂಗಡ ಮಡಕೆಯ ಚೂರಿತ್ತೋ ಎಲುಬಿತ್ತೋ ಬೂದಿಯಿತ್ತೋ ಎಂಬುದನ್ನು ಬರೆದಿಟ್ಟು, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ತಾಮ್ರದ ಬೆಲೆಯು ತೂಕದಲ್ಲಿ ಅಡಗಿದೆ. ಅದರ ಚರಿತ್ರೆಯ ಬೆಲೆಯು ಅದು ಮಲಗಿದ್ದ ಮಣ್ಣಿನಲ್ಲಿದೆ.